ಕರೆಂಟ್ ಪೂರ್ತಿ ಹೋದರೆ ರಿಯಾಕ್ಟರ್ ತಣಿಯುವುದು ಹೇಗೆ?

ಪ್ರಶ್ನೆ: ನಮ್ಮೂರು ಕೈಗಾಕ್ಕೆ ಹತ್ತಿರ. ಹೊರಗಿನ ಕರೆಂಟ್ ಹೋಗಿ ಡೀಸೆಲ್ ಜನರೇಟರುಗಳೂ ಕೈಕೊಟ್ಟರೆ, ಪಂಪಿಲ್ಲದೆಯೂ ರಿಯಾಕ್ಟರ್ ತಾನಾಗಿ ತಣಿಯುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಒಳಗಿನ ನೀರು ತಾನಾಗಿ ಸುತ್ತುತ್ತದೆ. ಆ ಶಾಖವನ್ನು ಹೊರಗೊಯ್ಯುವ ನೀರನ್ನು ಮಾತ್ರ ತುಂಬಿಸುತ್ತಲೇ ಇರಬೇಕು.

ಕರೆಂಟ್ ಹೋದೊಡನೆ ರಿಯಾಕ್ಟರನ್ನು ನಿಲ್ಲಿಸುವ ಸ್ಥಗಿತ ಸರಳುಗಳು ತಮ್ಮ ತೂಕಕ್ಕೇ ಕೆಳಗಿಳಿದು ವಿದಳನ (ಪರಮಾಣು ಒಡೆಯುವ ಕ್ರಿಯೆ) ನಿಲ್ಲುತ್ತದೆ. ಆದರೂ ಇಂಧನದೊಳಗಿನ ವಿಕಿರಣಶೀಲ ವಸ್ತುಗಳು ಶಾಖ ಬಿಡುತ್ತಲೇ ಇರುತ್ತವೆ: ಆ ಕ್ಷಣಕ್ಕೆ ಪೂರ್ಣ ಶಾಖದ ಶೇ 6ರಿಂದ 7, ಒಂದು ಗಂಟೆಯ ನಂತರ ಶೇ 1.5ರಷ್ಟು, ಒಂದು ದಿನದ ನಂತರ ಶೇ 0.5ರ ಆಸುಪಾಸು. ಕೈಗಾದ 220 ಮೆಗಾವಾಟ್ ಘಟಕದಲ್ಲಿ ಹುಟ್ಟುವ ಶಾಖ 750 ಮೆಗಾವಾಟಿಗೂ ಮೇಲೆ. ಗಂಟೆಯ ಬಳಿಕ ಉಳಿಯುವ 11-12 ಮೆಗಾವಾಟನ್ನು ನೀರು ಕುದಿಸಿಯೇ ಕಳೆಯಲು ಗಂಟೆಗೆ ಸುಮಾರು 16 ಸಾವಿರ ಲೀಟರ್ ಬೇಕು.

ನೀರು ಸುತ್ತುವುದು ತಾರಸಿಯ ಸೋಲಾರ್ ವಾಟರ್ ಹೀಟರಿನಂತೆಯೇ. ಅಲ್ಲಿ ಟ್ಯಾಂಕ್ ಮೇಲೆ, ಪ್ಯಾನೆಲ್ ಕೆಳಗೆ. ಇಲ್ಲಿ ಸ್ಟೀಮ್ ಜನರೇಟರ್ (ರಿಯಾಕ್ಟರಿನ ಶಾಖದಿಂದ ಸಾಮಾನ್ಯ ನೀರನ್ನು ಹಬೆ ಮಾಡುವ ಪಾತ್ರೆ) ಮೇಲೆ, ಇಂಧನ ಕೆಳಗೆ. ಇಂಧನದ ಸುತ್ತ ಹರಿಯುವ ನೀರು ಭಾರಜಲ, ಅಂದರೆ ಭಾರವಾದ ಹೈಡ್ರೋಜನ್ ಇರುವ ನೀರು. ಅದು ಬಿಸಿಯಾದಾಗ ಹಗುರಾಗಿ ಏರುತ್ತದೆ, ತಣಿದು ಇಳಿಯುತ್ತದೆ. ಇದೇ ಥರ್ಮೋಸೈಫನ್.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. 1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ ಟರ್ಬೈನಿನ ಅಲಗು ಮುರಿದು, ಜನರೇಟರ್ ತಣಿಸುವ ಹೈಡ್ರೋಜನ್ ಹೊತ್ತಿ, ಕೇಬಲ್ಲುಗಳು ಸುಟ್ಟವು. ಸುಮಾರು 17 ಗಂಟೆ ಕರೆಂಟಿರಲಿಲ್ಲ. ಡೀಸೆಲ್ ಎಂಜಿನ್ನಿನ ಅಗ್ನಿಶಾಮಕ ಪಂಪುಗಳಿಂದ ಸ್ಟೀಮ್ ಜನರೇಟರುಗಳಿಗೆ ನೀರುಣಿಸಿದರು. ಉಳಿದದ್ದನ್ನು ಥರ್ಮೋಸೈಫನ್ ಮಾಡಿತು. ಇಂಧನ ಉಳಿಯಿತು.

ಎಡವಟ್ಟಾಗುವುದು ಎಲ್ಲಿ? ಸ್ಟೀಮ್ ಜನರೇಟರಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 40 ಕೆಜಿ. ಮೊದಲು ಹಬೆ ಬಿಟ್ಟು ಅದನ್ನು ಇಳಿಸದಿದ್ದರೆ ಅಗ್ನಿಶಾಮಕ ಪಂಪಿನ ನೀರು ಒಳಗೇ ಹೋಗದು. (ಆಗ ಮೇಲೇಳುವ ಹಬೆ ರಿಯಾಕ್ಟರಿನ ಭಾರಜಲದ್ದಲ್ಲ, ಆಚೆ ಬದಿಯ ಸಾಮಾನ್ಯ ನೀರಿನದು.) ಭಾರಜಲ ಸೋರಿದರೆ, ಅಥವಾ ತಣಿದು ಕುಗ್ಗಿದಾಗ ಆ ಕೊರತೆ ತುಂಬದಿದ್ದರೆ, ಕೊಳವೆಗಳ ನೆತ್ತಿಯಲ್ಲಿ ಆವಿ, ಅನಿಲ ಸೇರಿ ಸುತ್ತು ಕಡಿಯುತ್ತದೆ. ಮನೆಯ ಪೈಪಿನಲ್ಲಿ ಏರ್‌ಲಾಕ್ ಆದಂತೆ.

ಗುಜರಾತಿನ ಕಾಕ್ರಪಾರ ಅಣುಸ್ಥಾವರದ 3ನೇ ಘಟಕದಿಂದ ಶುರುವಾದ 700 ಮೆಗಾವಾಟ್ ವಿನ್ಯಾಸದಲ್ಲಿ ಎತ್ತರದಲ್ಲೊಂದು ನೀರಿನ ತೊಟ್ಟಿ ಸೇರಿದೆ. ಹಬೆ ಅದರಲ್ಲಿ ಮುಳುಗಿದ ಕೊಳವೆಗಳಲ್ಲಿ ನೀರಾಗಿ, ತನ್ನ ಭಾರಕ್ಕೇ ಸ್ಟೀಮ್ ಜನರೇಟರಿಗೆ ಮರಳುತ್ತದೆ. ಕೈಗಾದ 5, 6ನೇ ಘಟಕಗಳದೂ ಇದೇ ವಿನ್ಯಾಸ. ತೊಟ್ಟಿಯ ನೀರೂ ಕುದಿದು ಇಳಿಯುತ್ತದೆ. ಹಾಗಾಗಿ ಸ್ಥಾವರದವರ ಸಭೆಗೆ ಹೋದರೆ ಇದನ್ನೇ ಕೇಳಿ: ಆ ನೀರು ಎಷ್ಟು ಗಂಟೆ ಬಾಳುತ್ತದೆ, ಅದು ಮುಗಿಯುವ ಮೊದಲು ಮತ್ತೆ ತುಂಬುವ ಪಂಪು ಎಲ್ಲಿದೆ, ಅದನ್ನು ಕೊನೆಯ ಬಾರಿ ಓಡಿಸಿ ನೋಡಿದ್ದು ಯಾವಾಗ?