ಎಂಬಿಬಿಎಸ್ ಮುಗಿಸಿ ಐಸಿಯು ಡ್ಯೂಟಿಗೆ ಸೇರಿದ್ದೇನೆ, ವೆಂಟಿಲೇಟರ್ ಅಂದ್ರೆ ಭಯ. ಯಾವ ಕೋರ್ಸ್ ಮಾಡಲಿ?

ನಿಮ್ಮ ಪರಿಸ್ಥಿತಿ ಅರ್ಥವಾಯಿತು. ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆ, ರಾತ್ರಿ ಪಾಳಿಗೆ ನೀವೊಬ್ಬರೇ ಡಾಕ್ಟರ್, ಸೀನಿಯರ್ ಫೋನಿನಲ್ಲಿ ಮಾತ್ರ ಸಿಗುತ್ತಾರೆ. ಕೋರ್ಸಿಗೆ ದುಡ್ಡು ಕಟ್ಟಲೋ, ನೀಟ್ ಪಿಜಿಗೆ ಓದಲೋ, ಅಷ್ಟರಲ್ಲಿ ಪೇಷಂಟ್‌ಗೆ ಏನಾದರೂ ಆದರೆ ಏನು ಗತಿ ಅಂತ ಕೇಳಿದ್ದೀರಿ. ನಾನು ಅರಿವಳಿಕೆ ವೈದ್ಯ, ಆದರೆ ನನ್ನ ದಿನ ಕಳೆಯುವುದು ಜಾಸ್ತಿ ಐಸಿಯುವಿನಲ್ಲೇ. ಹೊಸದಾಗಿ ಸೇರುವವರಿಗೆ ಕಲಿಸುವುದೂ ನನ್ನ ಪಾಲಿಗೇ ಬರುತ್ತದೆ. ಕೋರ್ಸ್ ಬೇಡ ಅಂತ ಹೇಳಲ್ಲ. ಆದರೆ ಅದಕ್ಕೂ ಮುಂಚೆ ಕಲಿಯಬೇಕಾದದ್ದು ನಿಮ್ಮ ಐಸಿಯುವಿನಲ್ಲೇ ಇದೆ, ಅದಕ್ಕೆ ಫೀಸೂ ಇಲ್ಲ.

ಮೊದಲು ವೆಂಟಿಲೇಟರ್ ಭಯ. ಮೆಷಿನ್ ಜೊತೆ ಟೆಸ್ಟ್ ಲಂಗ್ ಅಂತ ಒಂದು ಸಣ್ಣ ರಬ್ಬರ್ ಚೀಲ ಬಂದಿರುತ್ತದೆ. ಕೇಳಿದರೆ ಸಿಸ್ಟರ್ ಯಾವುದೋ ಡ್ರಾಯರ್‌ನಿಂದ ಹುಡುಕಿ ಕೊಡುತ್ತಾರೆ. ಪೇಷಂಟ್ ಇಲ್ಲದ ಒಂದು ಮೆಷಿನ್‌ಗೆ ಅದನ್ನು ಹಾಕಿ, ವಾಲ್ಯೂಮ್ ಕಂಟ್ರೋಲ್ ಮೋಡ್‌ನಲ್ಲಿ, ಅಂದರೆ ಪ್ರತಿ ಉಸಿರಿಗೂ ಅಷ್ಟೇ ಗಾಳಿ ಹೋಗುವ ಹಾಗೆ, ಓಡಿಸಿ. ಈಗ ಟ್ಯೂಬನ್ನು ಸ್ವಲ್ಪ ಹಿಸುಕಿ. ಪೀಕ್ ಪ್ರೆಶರ್, ಅಂದರೆ ಗಾಳಿ ಒಳಗೆ ಹೋಗುವಾಗಿನ ಗರಿಷ್ಠ ಒತ್ತಡ, ಏರುತ್ತದೆ. ಇನ್‌ಸ್ಪಿರೇಟರಿ ಹೋಲ್ಡ್ ಬಟನ್ ಒತ್ತಿ ಪ್ಲಾಟೋ, ಅಂದರೆ ಗಾಳಿಯ ಹರಿವು ನಿಂತಾಗಿನ ಒತ್ತಡ, ನೋಡಿ, ಅದು ಇದ್ದಲ್ಲೇ ಇರುತ್ತದೆ. ಆಮೇಲೆ ಟ್ಯೂಬ್ ಬಿಟ್ಟು ಚೀಲವನ್ನೇ ಎರಡೂ ಕೈಯಿಂದ ಗಟ್ಟಿಯಾಗಿ ಅದುಮಿಕೊಳ್ಳಿ. ಈ ಸಲ ಎರಡೂ ಏರುತ್ತವೆ. ಕೊನೆಗೆ ಒಂದು ಜಾಯಿಂಟ್ ಸಡಿಲ ಮಾಡಿ, ಯಾವ ಅಲಾರಂ ಹೊಡೆದುಕೊಳ್ಳುತ್ತದೆ ಕೇಳಿಸಿಕೊಳ್ಳಿ.

ಈ ಆಟ ಆಡಿದವರಿಗೆ ರಾತ್ರಿ ಎರಡು ಗಂಟೆಯ ಅಲಾರಂ ಬೇರೆ ಥರ ಕೇಳಿಸುತ್ತದೆ. ಪೀಕ್ ಮಾತ್ರ ಜಾಸ್ತಿ ಇದ್ದರೆ ತೊಂದರೆ ಗಾಳಿ ಹೋಗುವ ದಾರಿಯಲ್ಲಿದೆ. ಕಫ ಕಟ್ಟಿರಬಹುದು, ಪೇಷಂಟ್ ಟ್ಯೂಬ್ ಕಚ್ಚುತ್ತಿರಬಹುದು, ವೀಸಿಂಗ್ ಇರಬಹುದು. ಪ್ಲಾಟೋ ಕೂಡ ಏರಿದ್ದರೆ ತೊಂದರೆ ಶ್ವಾಸಕೋಶದಲ್ಲೋ ಅದರ ಸುತ್ತಲೋ ಇದೆ. ನ್ಯುಮೋನಿಯಾ ಹೆಚ್ಚಾಗಿರಬಹುದು, ನೀರು ತುಂಬಿರಬಹುದು, ನ್ಯುಮೋಥೊರಾಕ್ಸ್ (ಶ್ವಾಸಕೋಶದ ಸುತ್ತ ಗಾಳಿ ಸೇರುವುದು) ಆಗಿರಬಹುದು, ಇಲ್ಲವೇ ಟ್ಯೂಬ್ ಕೆಳಗೆ ಜಾರಿ ಬಲಗಡೆಗೆ ಮಾತ್ರ ಗಾಳಿ ಹೋಗುತ್ತಿರಬಹುದು. ಸೀನಿಯರ್‌ಗೆ ಫೋನ್ ಮಾಡಿ "ಸರ್, ವೆಂಟಿಲೇಟರ್ ಹೊಡೆದುಕೊಳ್ತಿದೆ" ಅನ್ನುವುದಕ್ಕೂ, "ಸರ್, ಪೀಕ್ 45, ಪ್ಲಾಟೋ 22, ಸಕ್ಷನ್ ಕ್ಯಾತಿಟರ್ ಒಳಗೆ ಹೋಗ್ತಿಲ್ಲ" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ.

ಸ್ಯಾಚುರೇಷನ್ ದಿಢೀರ್ ಬಿದ್ದರೆ ಸ್ಕ್ರೀನ್ ನೋಡುತ್ತಾ ನಿಲ್ಲಬೇಡಿ. ಮೆಷಿನ್ ಬಿಡಿಸಿ, ಪೂರ್ತಿ ಆಕ್ಸಿಜನ್ ಕೊಟ್ಟು ಕೈಯಿಂದ ಉಸಿರು ಕೊಡುವ ಅಂಬು ಬ್ಯಾಗ್ ಹಿಂಡಿ. ಸುಲಭವಾಗಿ ಗಾಳಿ ಹೋಗಿ ಸ್ಯಾಚುರೇಷನ್ ಏರಿತು ಅಂದರೆ ದೋಷ ಮೆಷಿನ್‌ನದ್ದು. ಬ್ಯಾಗ್ ಗಟ್ಟಿಯಾಗಿದ್ದರೆ ಟ್ಯೂಬ್ ಅಥವಾ ಎದೆಯದ್ದು. ಟ್ಯೂಬ್ ತುಟಿಯ ಹತ್ತಿರ ಎಷ್ಟು ಸೆಂಟಿಮೀಟರ್‌ಗೆ ಇತ್ತು, ಈಗ ಎಷ್ಟಿದೆ ನೋಡಿ. ಎರಡೂ ಕಡೆ ಸ್ಟೆತ್ ಇಡಿ. ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಫಿ ಇದ್ದರೆ ಆ ಗ್ರಾಫ್ ಟ್ಯೂಬ್ ಶ್ವಾಸನಾಳದಲ್ಲಿದೆಯೋ ಇಲ್ಲವೋ ತಕ್ಷಣ ಹೇಳುತ್ತದೆ. ಅಂದ ಹಾಗೆ, ಈ ವಿದ್ಯೆ ಶುರುವಾದದ್ದೇ ಕೈಯಿಂದ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಬಂದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ರೋಗಿಗಳ ಕತ್ತಿನಲ್ಲಿ ಟ್ಯೂಬ್ ಇಡಿಸಿ, ಮೆಡಿಕಲ್ ವಿದ್ಯಾರ್ಥಿಗಳಿಂದ ಪಾಳಿ ಪ್ರಕಾರ ಬ್ಯಾಗ್ ಹಿಂಡಿಸಿದರು. ಸಾವು ಎಷ್ಟೋ ಕಡಿಮೆಯಾಯಿತು. ಆ ಹುಡುಗರು ನಿಮಗಿಂತಲೂ ಚಿಕ್ಕವರು.

ಇನ್ನೊಂದು, ಅಳತೆ ಟೇಪ್ ಜೇಬಿನಲ್ಲಿಟ್ಟುಕೊಳ್ಳಿ. ತಮಾಷೆ ಅಲ್ಲ. ಟೈಡಲ್ ವಾಲ್ಯೂಮ್, ಅಂದರೆ ಒಂದು ಉಸಿರಿಗೆ ಕೊಡುವ ಗಾಳಿ, ಲೆಕ್ಕ ಹಾಕಬೇಕಾದ್ದು ಪೇಷಂಟ್‌ನ ಎತ್ತರದಿಂದ, ತೂಕದಿಂದಲ್ಲ. ದಪ್ಪಗಾದರೆ ಶ್ವಾಸಕೋಶ ಬೆಳೆಯಲ್ಲ ಅಲ್ವಾ? ಗಂಡಸರಾದರೆ 50, ಹೆಂಗಸರಾದರೆ 45.5, ಅದಕ್ಕೆ 152.4 ಸೆಂಟಿಮೀಟರ್‌ಗಿಂತ ಹೆಚ್ಚಿರುವ ಪ್ರತಿ ಸೆಂಟಿಮೀಟರ್‌ಗೆ 0.91 ಸೇರಿಸಿ, ಲೆಕ್ಕಕ್ಕೆ ಹಿಡಿಯಬೇಕಾದ ತೂಕ ಕೆಜಿಯಲ್ಲಿ ಸಿಗುತ್ತದೆ. 152 ಸೆಂಟಿಮೀಟರ್ ಎತ್ತರದ, 80 ಕೆಜಿ ತೂಕದ ಅಮ್ಮ ಒಬ್ಬರು ಎಆರ್‌ಡಿಎಸ್ (ಶ್ವಾಸಕೋಶಗಳಲ್ಲಿ ಉರಿಯೂತವಾಗಿ ನೀರು ತುಂಬುವ ತೀವ್ರ ಸ್ಥಿತಿ) ಆಗಿ ಬಂದರು ಅಂದುಕೊಳ್ಳಿ. ಲೆಕ್ಕದ ತೂಕ ಸುಮಾರು 45 ಕೆಜಿ, ಕೆಜಿಗೆ 6 ಎಂಎಲ್ ಅಂದರೆ 270 ಎಂಎಲ್. ನಿಜವಾದ ತೂಕ ಹಿಡಿದರೆ 480 ಆಗುತ್ತದೆ. 2000ನೇ ಇಸವಿಯಲ್ಲಿ ಅಮೆರಿಕದ ಎಆರ್‌ಡಿಎಸ್ ನೆಟ್‌ವರ್ಕ್ 861 ಪೇಷಂಟ್‌ಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಕೆಜಿಗೆ 12 ಎಂಎಲ್ ಕೊಟ್ಟವರಲ್ಲಿ ಶೇ. 39.8 ಸಾವು, 6 ಎಂಎಲ್ ಕೊಟ್ಟವರಲ್ಲಿ ಶೇ. 31. ಔಷಧ ಇಲ್ಲ, ದುಬಾರಿ ಮೆಷಿನ್ ಇಲ್ಲ. ಕೇಸ್ ಶೀಟಿನ ಮೇಲೆ ಎತ್ತರ ಬರೆದಿಡುವುದಕ್ಕೆ ಒಂದು ನಿಮಿಷ ಸಾಕು.

ಈಗ ನಮ್ಮ ಕಡೆಯ ವಿಷಯ. ಹೊರಗಿನ ಕೋರ್ಸುಗಳಲ್ಲಿ ಸೆಪ್ಸಿಸ್, ಹಾರ್ಟ್ ಅಟ್ಯಾಕ್ ಚೆನ್ನಾಗಿ ಹೇಳಿಕೊಡುತ್ತಾರೆ. ನಿಮ್ಮ ಬೆಡ್‌ಗಳಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಕುಡಿದು ಬಂದವರೂ ಇರುತ್ತಾರೆ. ಆರ್ಗನೋಫಾಸ್ಫೇಟ್ ಎಂಬ ಕೀಟನಾಶಕದ ಕೇಸಿನಲ್ಲಿ ಹೊಸಬರು ಅದಕ್ಕೆ ಮದ್ದಾದ ಅಟ್ರೋಪಿನ್ ಕೊಡಲು ಹೆದರುತ್ತಾರೆ, ಇಲ್ಲವೇ ಕೊಟ್ಟು ನಿಲ್ಲಿಸಲು ಮರೆಯುತ್ತಾರೆ. ದೊಡ್ಡವರಿಗೆ 0.6 ಎಂಜಿಯ ಮೂರು ಆಂಪ್ಯೂಲ್‌ನಿಂದ ಶುರು ಮಾಡಿ, ಐದು ನಿಮಿಷ ಬಿಟ್ಟು ನೋಡಿ, ಸಾಲದಿದ್ದರೆ ದುಪ್ಪಟ್ಟು ಮಾಡುತ್ತಾ ಹೋಗಿ. ನೋಡಬೇಕಾದ್ದು ಎದೆಯ ಗೊರಗೊರ ಹೋಯಿತಾ, ಪಲ್ಸ್ 80 ದಾಟಿತಾ, ಬಿಪಿ ಮೇಲಿನದ್ದು 80 ದಾಟಿತಾ, ಕಂಕುಳು ಒಣಗಿತಾ ಅಂತ. ಬರೀ ಕಣ್ಣಿನ ಪಾಪೆ ನೋಡಿಕೊಂಡು ಕೂರಬೇಡಿ, ಅದು ತಡವಾಗಿ ದೊಡ್ಡದಾಗುತ್ತದೆ. ಇಷ್ಟಾದ ಮೇಲೆ, ಕೊಟ್ಟ ಒಟ್ಟು ಡೋಸಿನ ಶೇ. 10ರಿಂದ 20ರಷ್ಟು ಪ್ರತಿ ಗಂಟೆಗೆ ಡ್ರಿಪ್. ಪೇಷಂಟ್ ಗಾಳಿ ಹಿಡಿಯಲು ಹೋಗುವ ಹಾಗೆ ಕೈ ಆಡಿಸುತ್ತಾ ಏನೇನೋ ಬಡಬಡಿಸಿದರೆ, ಜ್ವರ ಬಂದು ಹೊಟ್ಟೆಯ ಸದ್ದು ನಿಂತರೆ, ಅಟ್ರೋಪಿನ್ ಜಾಸ್ತಿಯಾಗಿದೆ. ಡ್ರಿಪ್ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಕಡಿಮೆ ವೇಗದಲ್ಲಿ ಮತ್ತೆ ಶುರು ಮಾಡಿ.

ಅಷ್ಟಕ್ಕೇ ಮುಗಿಯಲ್ಲ. ಒಂದರಿಂದ ನಾಲ್ಕನೇ ದಿನದೊಳಗೆ, ಎದ್ದು ಕೂತು ಮಾತಾಡುತ್ತಿದ್ದವರಿಗೇ ಉಸಿರಿನ ಸ್ನಾಯುಗಳು ಸೋಲಬಹುದು. ಇಂಟರ್‌ಮೀಡಿಯೇಟ್ ಸಿಂಡ್ರೋಮ್ ಅಂತ ಓದಿರುತ್ತೀರಿ. ಬೆಡ್ ಪಕ್ಕ ಅದನ್ನು ಹಿಡಿಯುವುದು ಹೀಗೆ: ಪ್ರತಿ ಪಾಳಿಯಲ್ಲೂ "ದಿಂಬಿನಿಂದ ತಲೆ ಎತ್ತಿ ನೋಡೋಣ" ಅನ್ನಿ. ನಿನ್ನೆ ಎತ್ತಿದವರು ಇವತ್ತು ಎತ್ತದಿದ್ದರೆ ಟ್ಯೂಬ್ ಸಿದ್ಧ ಮಾಡಿಕೊಳ್ಳಿ. ಸ್ಯಾಚುರೇಷನ್ ಬೀಳುವವರೆಗೆ ಕಾಯಬೇಡಿ. ಹಾವು ಕಡಿದವರಲ್ಲೂ ಇದೇ ಪರೀಕ್ಷೆ ಕೆಲಸಕ್ಕೆ ಬರುತ್ತದೆ, ಅದರಲ್ಲೂ ಕಟ್ಟುಹಾವು ಕಡಿದಾಗ ಹಲ್ಲಿನ ಗುರುತೇ ಕಾಣದೆ ಇರಬಹುದು. ಕೊಳಕುಮಂಡಲದ ಕೇಸಾದರೆ ರಕ್ತ ಹೆಪ್ಪುಗಟ್ಟುತ್ತಾ ನೋಡಲು 20 ನಿಮಿಷದ ಪರೀಕ್ಷೆ: ಹೊಸದಾದ, ಒಣಗಿದ ಗಾಜಿನ ಟ್ಯೂಬೇ ಬೇಕು, ಪ್ಲಾಸ್ಟಿಕ್ ಆಗಲ್ಲ, ಸೋಪಿನಲ್ಲಿ ತೊಳೆದದ್ದೂ ಆಗಲ್ಲ. ಅಲುಗಾಡಿಸದೆ ಇಡಬೇಕು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಕೇಸುಗಳನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ, ಅದನ್ನೂ ನೆನಪಿಟ್ಟುಕೊಳ್ಳಿ.

ಇದನ್ನೆಲ್ಲ ಯಾರು ಕಲಿಸುತ್ತಾರೆ? ಅರ್ಧಕ್ಕರ್ಧ ಸಿಸ್ಟರ್‌ಗಳೇ. ಹಳೆಯ ಸಿಸ್ಟರ್ ಬಂದು "ಡಾಕ್ಟ್ರೇ, ಮೂರನೇ ಬೆಡ್ ಯಾಕೋ ಸರಿ ಕಾಣ್ತಿಲ್ಲ" ಅಂದರೆ ಮಾನಿಟರ್‌ನಲ್ಲಿ ಎಲ್ಲ ಸರಿ ಇದ್ದರೂ ಎದ್ದು ಹೋಗಿ. ಸಕ್ಷನ್ ಮಾಡುವುದು, ನಾರ್‌ಅಡ್ರಿನಲಿನ್ ಸಿರಿಂಜ್ ಬಿಪಿ ಬೀಳದಂತೆ ಬದಲಾಯಿಸುವುದು, ಟ್ಯೂಬ್ ಕಟ್ಟುವುದು, ಇವನ್ನು ಅವರ ಹತ್ತಿರ ನಿಂತು ಕೈಯಾರೆ ಮಾಡಿ ಕಲಿಯಿರಿ. ಎಂಡಿ ಮಾಡಿದವರಿಗೂ ಇದು ಪುಸ್ತಕದಿಂದ ಬಂದಿರಲ್ಲ.

ಕೋರ್ಸಿನ ವಿಷಯ ಚುಟುಕಾಗಿ. ಹೃದಯ ನಿಂತಾಗ ಜೀವ ಉಳಿಸುವುದನ್ನು ಕಲಿಸುವ ಬಿಎಲ್‌ಎಸ್, ಎಸಿಎಲ್‌ಎಸ್ ಇನ್ನೂ ಆಗಿಲ್ಲದಿದ್ದರೆ ಮೊದಲು ಅವು. ಆಮೇಲೆ ಎಫ್‌ಸಿಸಿಎಸ್ ಅಂತ ಎರಡು ದಿನದ್ದಿದೆ, ಐಸಿಯು ತಜ್ಞರಲ್ಲದ ಡಾಕ್ಟರುಗಳಿಗಾಗಿಯೇ ಮಾಡಿದ್ದು. ನಿಮಗೆ ಅದು ಸರಿ ಹೊಂದುತ್ತದೆ. 1993ರಲ್ಲಿ ಶುರುವಾದ ನಮ್ಮ ಕ್ರಿಟಿಕಲ್ ಕೇರ್ ವೈದ್ಯರ ಸಂಘ ಐಎಸ್‌ಸಿಸಿಎಂ ಕೂಡ ವೆಂಟಿಲೇಟರ್, ಎಬಿಜಿ (ಅಪಧಮನಿ ರಕ್ತದ ಆಕ್ಸಿಜನ್, ಆಮ್ಲತೆ ಪರೀಕ್ಷೆ) ಕಾರ್ಯಾಗಾರಗಳನ್ನು ನಡೆಸುತ್ತದೆ. ಆದರೆ ಒಂದೆರಡು ತಿಂಗಳು ಡ್ಯೂಟಿ ಮಾಡಿ, ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಹೋಗಿ. ಸುಮ್ನೆ ಸರ್ಟಿಫಿಕೇಟ್‌ಗೆ ಹೋದರೆ ಊಟ ಚೆನ್ನಾಗಿತ್ತು ಅನ್ನುವುದಷ್ಟೇ ನೆನಪಿರುತ್ತದೆ.

ಕೊನೆಯದಾಗಿ, ಪೇಷಂಟ್ ಕಡೆಯವರ ಜೊತೆ ಮಾತಾಡುವುದು. ಇದನ್ನು ಯಾವ ಕಾಲೇಜಿನಲ್ಲೂ ಸರಿಯಾಗಿ ಕಲಿಸಲ್ಲ. "ವೆಂಟಿಲೇಟರ್ ಹಾಕಿದ್ರೆ ವಾಪಸ್ ಬರಲ್ಲ ಅಂತಾರಲ್ಲ ಸಾರ್" ಅಂತ ಕೇಳೇ ಕೇಳುತ್ತಾರೆ. "ಇದು ಕಾಯಿಲೆ ವಾಸಿ ಮಾಡುವ ಮೆಷಿನ್ ಅಲ್ಲ, ಔಷಧ ಕೆಲಸ ಮಾಡುವವರೆಗೆ ಉಸಿರಾಟ ನೋಡಿಕೊಳ್ಳುತ್ತದೆ" ಅಂತ ನಾನು ಹೇಳುತ್ತೇನೆ. ಆಮೇಲೆ ಈಗ ಹೇಗಿದ್ದಾರೆ, ಮುಂದಿನ ಎರಡು ದಿನದಲ್ಲಿ ಏನು ಆಗಬಹುದು, ದಿನಕ್ಕೆ ಅಂದಾಜು ಎಷ್ಟು ಖರ್ಚು, ಇವನ್ನು ಕೂತು ಹೇಳಿ. ನಿಂತುಕೊಂಡು, ಬಾಗಿಲ ಸಂದಿಯಿಂದ ಹೇಳಬೇಡಿ. ಮನೆಯವರಲ್ಲಿ ಒಬ್ಬರನ್ನು ಗುರುತು ಮಾಡಿಕೊಂಡು ದಿನಾ ಅವರಿಗೇ ಹೇಳಿ, ಇಲ್ಲದಿದ್ದರೆ ಊರಿಂದ ಬಂದ ಪ್ರತಿಯೊಬ್ಬ ಭಾವನಿಗೂ ಮೊದಲಿನಿಂದ ಕಥೆ ಹೇಳಬೇಕಾಗುತ್ತದೆ. ಏನು ಹೇಳಿದಿರಿ ಅನ್ನುವುದನ್ನು ಟೈಮ್ ಹಾಕಿ ಕೇಸ್ ಶೀಟಿನಲ್ಲಿ ಬರೆಯಿರಿ, ಬೆಳಗಿನ ಡಾಕ್ಟರ್ ಅದನ್ನು ಓದಿಕೊಂಡೇ ಅವರ ಜೊತೆ ಮಾತು ಶುರು ಮಾಡಲಿ.