ಮ್ಯಾಸಚೂಸೆಟ್ಸ್‌ನಲ್ಲಿ ಹೀಟ್ ಪಂಪ್ ಲೀಸ್‌ಗೆ ತಗೊಳ್ಳೋದಾ, ಕೊಂಡುಕೊಳ್ಳೋದಾ? ರಿಬೇಟ್ ಎಲ್ಲಿ ಹುಡುಕಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮ್ಯಾಸಚೂಸೆಟ್ಸ್‌ನಲ್ಲಿ ಹಳೆಯ ಮನೆ ಕೊಂಡಿದ್ದೀರಿ. ಅದರ ಆಯಿಲ್ ಫರ್ನೇಸ್ ಕೊನೆಯ ದಿನಗಳಲ್ಲಿದೆ. ಮನೆ ಬಾಗಿಲಿಗೆ ಬಂದ ಒಬ್ಬ ಸೇಲ್ಸ್‌ನವರು ಹೀಟ್ ಪಂಪ್ (ಹೊರಗಿನ ಶಾಖವನ್ನು ವಿದ್ಯುತ್ತಿನ ಬಲದಿಂದ ಮನೆಯೊಳಗೆ ತರುವ ಯಂತ್ರ) ಲೀಸ್ ಕೊಡುತ್ತೇವೆ ಅಂದಿದ್ದಾರೆ: ಕೈಯಿಂದ ಮುಂಗಡ ಏನೂ ಇಲ್ಲ, ತಿಂಗಳಿಗೆ 150 ಡಾಲರ್, ವರ್ಷಕ್ಕೆ 3% ಏರಿಕೆ, 15 ವರ್ಷದ ಕರಾರು, 'ಸರ್ಕಾರದ ಸವಲತ್ತುಗಳನ್ನೆಲ್ಲ ನಾವೇ ನೋಡಿಕೊಳ್ಳುತ್ತೇವೆ'. ಬೇರೊಬ್ಬ ಕಾಂಟ್ರ್ಯಾಕ್ಟರ್ 3 ಟನ್ನಿನ (ಟನ್ ಅನ್ನೋದು ಯಂತ್ರದ ಸಾಮರ್ಥ್ಯದ ಅಳತೆ) ಸಿಸ್ಟಮ್ಮನ್ನು 24,000 ಡಾಲರಿಗೆ ಕೂರಿಸಿಕೊಡುತ್ತೇನೆ ಅಂದಿದ್ದಾರೆ. ಯಾವುದು ಸರಿ ಅನ್ನೋದು ನಿಮ್ಮ ಪ್ರಶ್ನೆ.

ನಾನೂ ಇದೇ ರಾಜ್ಯದವನು, ಆಯಿಲ್ ಬಿಟ್ಟು ಹೀಟ್ ಪಂಪಿಗೆ ಬಂದವನು. ನನ್ನ ಉತ್ತರ: ಕೊಂಡುಕೊಳ್ಳಿ. ಕೈಯಲ್ಲಿ ದುಡ್ಡಿಲ್ಲದಿದ್ದರೂ ಕೊಂಡುಕೊಳ್ಳಿ. ಯಾಕೆ ಅಂತ ಹೇಳುತ್ತೇನೆ, ಲೀಸೇ ವಾಸಿ ಅನ್ನಿಸುವ ಒಂದು ಸಂದರ್ಭವನ್ನೂ ಹೇಳುತ್ತೇನೆ.

ಮೊದಲು ಲೀಸಿನ ಲೆಕ್ಕ. 150 ಡಾಲರ್ ಅಂದರೆ ಹಗುರ ಅನ್ನಿಸುತ್ತೆ. ಆದರೆ ವರ್ಷವರ್ಷ 3% ಏರುತ್ತ ಹೋದರೆ 15 ವರ್ಷಕ್ಕೆ ನೀವು ಕಟ್ಟುವುದು ಸುಮಾರು 33,500 ಡಾಲರ್. ಅಷ್ಟು ಕಟ್ಟಿದ ಮೇಲೂ ಯಂತ್ರ ನಿಮ್ಮದಲ್ಲ. ಹೀಟ್ ಪಂಪಿನ ಆಯುಸ್ಸೇ ಹೆಚ್ಚುಕಡಿಮೆ 15 ವರ್ಷ, ಹಾಗಾಗಿ ಕೊನೆಯಲ್ಲಿ 'ಕಡಿಮೆ ಬೆಲೆಗೆ ನಿಮಗೇ ಬಿಟ್ಟುಕೊಡುತ್ತೇವೆ' ಅನ್ನುವ ಮಾತಿಗೆ ಹೆಚ್ಚು ಬೆಲೆಯಿಲ್ಲ.

ಈಗ ಕೊಳ್ಳುವ ಲೆಕ್ಕ. ನಮ್ಮ ರಾಜ್ಯದಲ್ಲಿ ಮಾಸ್ ಸೇವ್ ಅನ್ನುವ ಯೋಜನೆ ಇದೆ. 2008ರ ಗ್ರೀನ್ ಕಮ್ಯುನಿಟೀಸ್ ಕಾಯ್ದೆಯ ಅಡಿ ಬಂದದ್ದು, ವಿದ್ಯುತ್ ಮತ್ತು ಗ್ಯಾಸ್ ಕಂಪನಿಗಳೇ ನಡೆಸುತ್ತವೆ. ದುಡ್ಡು ಬರುವುದು ನಮ್ಮ ನಿಮ್ಮ ಬಿಲ್ಲಿನಲ್ಲಿ ಸೇರಿಸುವ ಒಂದು ಚಾರ್ಜಿನಿಂದ. ಅಂದರೆ ಅದಕ್ಕೆ ನೀವು ಆಗಲೇ ತಿಂಗಳು ತಿಂಗಳು ಕಟ್ಟುತ್ತಿದ್ದೀರಿ, ಸಂಕೋಚವಿಲ್ಲದೆ ಕೇಳಿ ಪಡೆಯಿರಿ. ಇಡೀ ಮನೆಯನ್ನು ಹೀಟ್ ಪಂಪಿನಿಂದಲೇ ಬಿಸಿ ಮಾಡುವುದಾದರೆ ರಿಬೇಟ್ ಟನ್ ಲೆಕ್ಕದಲ್ಲಿ ಸಿಗುತ್ತದೆ. 2025ರಲ್ಲಿ ಅದು ಟನ್ನಿಗೆ 3,000, ಗರಿಷ್ಠ 10,000 ಡಾಲರ್ ಇತ್ತು, 2026ಕ್ಕೆ ಇಳಿಸಿದರು. ನಿಮ್ಮ 3 ಟನ್ನಿಗೆ 8,000 ಸಿಕ್ಕಿತು ಅಂತ ಇಟ್ಟುಕೊಳ್ಳೋಣ. 24,000ದಲ್ಲಿ ಅದನ್ನು ಕಳೆದರೆ 16,000. ಇದಕ್ಕೆ ಮಾಸ್ ಸೇವ್‌ನದೇ ಹೀಟ್ ಲೋನ್ ಇದೆ: ಬಡ್ಡಿ 0%, 25,000 ಡಾಲರ್‌ವರೆಗೆ, 7 ವರ್ಷದ ಅವಧಿ. ತಿಂಗಳ ಕಂತು ಸುಮಾರು 190 ಡಾಲರ್. ಏಳು ವರ್ಷ ಕಟ್ಟಿದರೆ ಮುಗಿಯಿತು, ಆಮೇಲೆ ಯಂತ್ರ ಓಡುವಷ್ಟು ವರ್ಷವೂ ಕಂತಿಲ್ಲ.

ಒಂದು ಕಡೆ 150ರಿಂದ ಶುರುವಾಗಿ ಏರುತ್ತಲೇ ಹೋಗುವ 15 ವರ್ಷ, ಇನ್ನೊಂದು ಕಡೆ ಏರದ 190ರ 7 ವರ್ಷ. ಲೀಸಿನಲ್ಲಿ ಸರ್ವೀಸು ರಿಪೇರಿ ಸೇರಿದೆ ಅನ್ನುತ್ತಾರೆ, ನಿಜ. ಆದರೆ ವರ್ಷಕ್ಕೆ 250 ಡಾಲರ್ ಸರ್ವೀಸಿಗೆ ಅಂತ ಎತ್ತಿಟ್ಟರೂ 15 ವರ್ಷಕ್ಕೆ 3,750. ಇನ್ನೂ ಹದಿಮೂರು ಸಾವಿರಕ್ಕಿಂತ ಹೆಚ್ಚು ವ್ಯತ್ಯಾಸ ಉಳಿಯುತ್ತದೆ. ನೋಡಿಕೊಳ್ಳಬೇಕಾದ ಒಂದು ವಿಷಯ, ರಿಬೇಟ್ ಸಾಮಾನ್ಯವಾಗಿ ಕೆಲಸ ಮುಗಿದು ಅರ್ಜಿ ಪಾಸಾದ ಮೇಲೆ ಬರುತ್ತದೆ. ಅಲ್ಲಿಯವರೆಗೆ ಆ 8,000ವನ್ನು ಹೇಗೆ ಹೊಂದಿಸುವುದು ಅಂತ ಕಾಂಟ್ರ್ಯಾಕ್ಟರ್ ಹತ್ತಿರ ಮೊದಲೇ ಮಾತಾಡಿ.

ಇನ್ನು 'ಸವಲತ್ತುಗಳನ್ನೆಲ್ಲ ನಾವೇ ನೋಡಿಕೊಳ್ಳುತ್ತೇವೆ' ಅನ್ನುವ ಮಾತು. ಕರಾರಿನಲ್ಲಿ ಈ ವಾಕ್ಯವನ್ನೇ ಮೊದಲು ಹುಡುಕಿ. ಬಹುತೇಕ ಲೀಸ್‌ಗಳಲ್ಲಿ ಯಂತ್ರದ ಮಾಲೀಕತ್ವದ ಜೊತೆಗೆ ರಿಬೇಟ್ ಮೇಲಿನ ಹಕ್ಕೂ ಕಂಪನಿಗೆ ಹೋಗುತ್ತದೆ. ಅದು ತಪ್ಪೇನಲ್ಲ, ಆ ಮೊತ್ತ ನಿಮ್ಮ ಬಾಡಿಗೆಯಲ್ಲಿ ಇಳಿದಿದ್ದರೆ. ಇಳಿದಿದೆಯಾ ಅಂತ ಒಂದೇ ಪ್ರಶ್ನೆ ಕೇಳಿ: 'ರಿಬೇಟ್ ಎಷ್ಟು, ಅದಿಲ್ಲದಿದ್ದರೆ ತಿಂಗಳ ಬಾಡಿಗೆ ಎಷ್ಟಿರುತ್ತಿತ್ತು?' ಬಾಯಿಮಾತು ಬೇಡ, ಈಮೇಲ್‌ನಲ್ಲಿ ಬರಲಿ.

ಇದರ ಜೊತೆಗೇ ಫೆಡರಲ್ ಟ್ಯಾಕ್ಸ್ ಕ್ರೆಡಿಟ್ ವಿಷಯ, ಯಾಕಂದರೆ ಹಳೆಯ ಬ್ರೋಶರ್ ಹಿಡಿದು ಓಡಾಡುವವರು ಇನ್ನೂ ಇದ್ದಾರೆ. ಮನೆಗೆ ಏರ್ ಸೋರ್ಸ್, ಅಂದರೆ ಹೊರಗಿನ ಗಾಳಿಯಿಂದ ಶಾಖ ಎಳೆಯುವ, ಹೀಟ್ ಪಂಪ್ ಹಾಕಿಸಿದರೆ ಖರ್ಚಿನ 30%, ಗರಿಷ್ಠ 2,000 ಡಾಲರ್ ಕ್ರೆಡಿಟ್ ಸಿಗುತ್ತಿತ್ತು. 2025ರ ಜುಲೈ 4ರಂದು ಸಹಿಯಾದ ಕಾನೂನು ಅದನ್ನು ನಿಲ್ಲಿಸಿತು. 2025ರ ಡಿಸೆಂಬರ್ 31ರ ಒಳಗೆ ಅಳವಡಿಸಿ ಚಾಲೂ ಆದವುಗಳಿಗೆ ಮಾತ್ರ, ಫಾರ್ಮ್ 5695ರಲ್ಲಿ. ಈಗ ಹಾಕಿಸುವವರಿಗೆ ಅದಿಲ್ಲ. ಕೊಟೇಶನ್‌ನಲ್ಲಿ ಯಾರಾದರೂ ಆ 2,000ವನ್ನು ಕಳೆದು ತೋರಿಸಿದ್ದರೆ ಅವರ ಉಳಿದ ಲೆಕ್ಕಗಳನ್ನೂ ಅನುಮಾನದಿಂದಲೇ ನೋಡಿ.

ಹಾಗಂತ ಫೆಡರಲ್ ದುಡ್ಡು ಪೂರ್ತಿ ಬತ್ತಿಲ್ಲ. 2022ರ ಇನ್‌ಫ್ಲೇಶನ್ ರಿಡಕ್ಷನ್ ಕಾಯ್ದೆಯಲ್ಲಿ ಟ್ಯಾಕ್ಸ್ ಕ್ರೆಡಿಟ್ ಅಲ್ಲದೆ ರಾಜ್ಯಗಳ ಮೂಲಕ ಕೊಡುವ ರಿಬೇಟ್ ಇನ್ನೊಂದಿತ್ತು. ಹೀಟ್ ಪಂಪಿಗೆ 8,000, ವಾಟರ್ ಹೀಟರಿಗೆ 1,750, ಎಲೆಕ್ಟ್ರಿಕ್ ಪ್ಯಾನೆಲ್ ಬದಲಾಯಿಸಲು 4,000, ಹೀಗೆ ಒಟ್ಟು ಮಿತಿ 14,000 ಡಾಲರ್. ಇದು ಆದಾಯಕ್ಕೆ ಕಟ್ಟುಬಿದ್ದದ್ದು: ನಿಮ್ಮ ಪ್ರದೇಶದ ಮಧ್ಯಮ ಆದಾಯದ 80%ಗಿಂತ ಕಡಿಮೆ ಇದ್ದವರಿಗೆ ಆ ಮಿತಿಯೊಳಗೆ ಪೂರ್ತಿ ಖರ್ಚು, 80ರಿಂದ 150% ಇದ್ದವರಿಗೆ ಅರ್ಧ. ಒಂದೊಂದು ರಾಜ್ಯದಲ್ಲಿ ಒಂದೊಂದು ಥರ ಜಾರಿ. ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿದ್ದರೆ ಇದು ನಿಮಗಲ್ಲ ಅಂತ ಬಿಟ್ಟುಬಿಡಬಹುದು. ಒಬ್ಬರ ಸಂಬಳದಲ್ಲಿ ದೊಡ್ಡ ಸಂಸಾರ ನಡೆಯುತ್ತಿದ್ದರೆ ಕೇಳಿ ನೋಡಿ, ಮಿತಿ ಮನೆಯಲ್ಲಿರುವವರ ಸಂಖ್ಯೆಯ ಮೇಲೆ ಏರುತ್ತದೆ. ಅದಕ್ಕಿಂತ ಮುಖ್ಯ, ಕುಟುಂಬದ ಆದಾಯ ರಾಜ್ಯದ ಮಧ್ಯಮ ಆದಾಯದ 60% ಒಳಗಿದ್ದರೆ ಮಾಸ್ ಸೇವ್‌ನಲ್ಲಿ ಬೇರೆಯೇ ದಾರಿ ಇದೆ, ಇನ್ಸುಲೇಶನ್ನೂ ಹೀಟಿಂಗ್ ಸಲಕರಣೆಯೂ ಬಿಟ್ಟಿಯಾಗಿಯೇ ಸಿಗಬಹುದು. ಅಂಥವರನ್ನೇ ಹುಡುಕಿಕೊಂಡು ಹೋಗಿ 15 ವರ್ಷದ ಲೀಸಿಗೆ ಸಹಿ ಹಾಕಿಸುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಸವಲತ್ತು ಹುಡುಕುವ ಕ್ರಮದ ಬಗ್ಗೆ ಕೇಳಿದ್ದೀರಿ. ಗೂಗಲ್‌ನಿಂದ ಶುರು ಮಾಡಬೇಡಿ, ಅಲ್ಲಿ ಮೊದಲು ಬರುವುದು ನಿಮ್ಮ ಫೋನ್ ನಂಬರ್ ಮಾರುವ ಸೈಟುಗಳು. ನಿಮ್ಮ ವಿದ್ಯುತ್ ಬಿಲ್ಲಿನಿಂದ ಶುರು ಮಾಡಿ. ಬಿಲ್ ಎವರ್‌ಸೋರ್ಸ್, ನ್ಯಾಷನಲ್ ಗ್ರಿಡ್ ಅಥವಾ ಯೂನಿಟಿಲ್‌ನದಾದರೆ ಮಾಸ್ ಸೇವ್ ನಿಮ್ಮದು. ಊರಿನದೇ ವಿದ್ಯುತ್ ಇಲಾಖೆ ಇದ್ದರೆ ಕಥೆ ಬೇರೆ. ನಮ್ಮವರು ತುಂಬಾ ಇರುವ ಶ್ರೂಸ್‌ಬರಿಯೇ ಉದಾಹರಣೆ, ಅಲ್ಲಿ ವಿದ್ಯುತ್ ಊರಿನದೇ. ಪಕ್ಕದ ವೆಸ್ಟ್‌ಬರೋದಲ್ಲಿ ನ್ಯಾಷನಲ್ ಗ್ರಿಡ್. ವೆಸ್ಟ್‌ಬರೋ ಸ್ನೇಹಿತರಿಗೆ ಸಿಕ್ಕ ರಿಬೇಟ್ ಶ್ರೂಸ್‌ಬರಿಯವರಿಗೆ ಅದೇ ಮೊತ್ತದಲ್ಲಿ ಸಿಗುತ್ತೆ ಅಂದುಕೊಂಡರೆ ಪೆಟ್ಟು ಬೀಳುತ್ತದೆ. ಇಂಥ ಊರುಗಳಿಗೆ ಅವರವರದೇ ರಿಬೇಟ್ ಇರುತ್ತದೆ. ಆದರೆ ಅಲ್ಲಿ ಯೂನಿಟ್ ದರ ಸಾಮಾನ್ಯವಾಗಿ ಕಡಿಮೆ, ಹಾಗಾಗಿ ವರ್ಷದ ಖರ್ಚಿನಲ್ಲಿ ಅವರೇ ಗೆಲ್ಲಬಹುದು.

ಬಿಲ್ ನೋಡಿಯಾದ ಮೇಲೆ ಡಿಸೈರ್ (DSIRE) ಅನ್ನುವ ದತ್ತಾಂಶ ಕೋಶ ನೋಡಿ. ನಾರ್ತ್ ಕ್ಯಾರೊಲೈನಾ ಸ್ಟೇಟ್ ಯೂನಿವರ್ಸಿಟಿಯ ಕೇಂದ್ರವೊಂದು 1995ರಿಂದ ನಡೆಸುತ್ತಿದೆ, ಎಲ್ಲ ರಾಜ್ಯಗಳ ಯೋಜನೆಗಳೂ ಒಂದೇ ಕಡೆ ಸಿಗುತ್ತವೆ. ಅಲ್ಲಿ ಕಂಡದ್ದನ್ನು ಆಯಾ ಯೋಜನೆಯ ಸ್ವಂತ ಪುಟದಲ್ಲಿ ಇನ್ನೊಮ್ಮೆ ತಾಳೆ ನೋಡಿ.

ಮಾಸ್ ಸೇವ್‌ನಲ್ಲಿ ಕ್ರಮ ತಪ್ಪಿದರೆ ರಿಬೇಟ್ ಕೈಬಿಡುತ್ತದೆ. ಮೊದಲು ಹೋಮ್ ಎನರ್ಜಿ ಅಸೆಸ್‌ಮೆಂಟ್, ಇದು ಉಚಿತ. ಅವರು ಗಾಳಿ ಸೋರುವ ಜಾಗ, ಅಟ್ಟದ ಇನ್ಸುಲೇಶನ್ ನೋಡಿ ಪಟ್ಟಿ ಕೊಡುತ್ತಾರೆ. ಇನ್ಸುಲೇಶನ್ ಖರ್ಚಿನ ದೊಡ್ಡ ಪಾಲನ್ನು ಯೋಜನೆಯೇ ಭರಿಸುತ್ತದೆ. ಇಡೀ ಮನೆಯ ರಿಬೇಟ್ ಬೇಕೆಂದರೆ ಆ ಕೆಲಸ ಆಗಿರಲೇಬೇಕು, ಮತ್ತು ಕಾಂಟ್ರ್ಯಾಕ್ಟರ್ ಮಾಸ್ ಸೇವ್‌ನ ಹೀಟ್ ಪಂಪ್ ಇನ್‌ಸ್ಟಾಲರ್ ಪಟ್ಟಿಯಲ್ಲಿರಬೇಕು. ಇನ್ಸುಲೇಶನ್ ಮೊದಲು ಮಾಡಿಸಿದರೆ ಇನ್ನೊಂದು ಲಾಭವೂ ಇದೆ, ಬೇಕಾಗುವ ಯಂತ್ರವೇ ಚಿಕ್ಕದಾಗಬಹುದು.

ಆ ಮಾತಿಗೆ ಬಂದರೆ, 3 ಟನ್ ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತ ಇಬ್ಬರನ್ನೂ ಕೇಳಿ. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು (ಬಿಟಿಯು ಶಾಖದ ಅಳತೆ). ಮ್ಯಾನ್ಯುಯಲ್ ಜೆ ಅನ್ನುವ ಲೆಕ್ಕ ಹಾಕಿ, ಕಿಟಕಿ ಗೋಡೆ ಅಟ್ಟ ಎಲ್ಲ ಅಳೆದು ಬಂದ ಸಂಖ್ಯೆಯಾದರೆ ನಂಬಿ. 'ಹಳೆಯ ಫರ್ನೇಸ್ ಇಷ್ಟಿತ್ತು, ಅದಕ್ಕೆ ಇಷ್ಟು' ಅಂದರೆ ಬೇರೆಯವರನ್ನು ಕರೆಸಿ. ಮಾಡೆಲ್ ನಂಬರನ್ನು ನೀಪ್ (NEEP) ಅನ್ನುವ ಇಂಧನ ಉಳಿತಾಯ ಸಂಸ್ಥೆಯ ಶೀತ ಪ್ರದೇಶದ ಹೀಟ್ ಪಂಪ್ ಪಟ್ಟಿಯಲ್ಲಿ ಹಾಕಿ, 5 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಮೈನಸ್ 15 ಸೆಲ್ಸಿಯಸ್‌ನಲ್ಲಿ, ಅದು ಎಷ್ಟು ಬಿಟಿಯು ಕೊಡುತ್ತದೆ ನೋಡಿ. ಜನವರಿಯಲ್ಲಿ ನಿಮ್ಮನ್ನು ಕಾಯುವುದು ಆ ಸಂಖ್ಯೆ, ಬ್ರೋಶರ್ ಮೇಲಿನದಲ್ಲ.

ತಿಂಗಳ ಬಿಲ್ಲಿನ ಬಗ್ಗೆ ಸೇಲ್ಸ್‌ನವರು ಏನು ಹೇಳಿದರೂ ನೀವೇ ಒಂದು ಗುಣಾಕಾರ ಮಾಡಿ. ಒಂದು ಗ್ಯಾಲನ್ ಆಯಿಲ್‌ನಲ್ಲಿ ಸುಮಾರು 1,38,500 ಬಿಟಿಯು ಶಾಖ. ಫರ್ನೇಸ್ ಅದರಲ್ಲಿ 85% ಮನೆಗೆ ತಲುಪಿಸುತ್ತದೆ ಅಂತಿಟ್ಟುಕೊಳ್ಳಿ. ಹೀಟ್ ಪಂಪ್ ಚಳಿಗಾಲದ ಸರಾಸರಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ 2.7 ಯೂನಿಟ್ ಶಾಖ ಕೊಟ್ಟರೆ, ಒಂದು ಗ್ಯಾಲನ್ನಿನ ಕೆಲಸಕ್ಕೆ ಅದಕ್ಕೆ ಬೇಕಾಗುವುದು ಸುಮಾರು 13 ಯೂನಿಟ್. ನಿಮ್ಮ ವಿದ್ಯುತ್ತಿನ ಪೂರ್ತಿ ದರವನ್ನು, ಡೆಲಿವರಿ ಚಾರ್ಜ್ ಸೇರಿಸಿ, 13ರಿಂದ ಗುಣಿಸಿ. ಯೂನಿಟ್ಟಿಗೆ 30 ಸೆಂಟ್ ಆದರೆ 3.90 ಡಾಲರ್. ಆಯಿಲ್ ಗ್ಯಾಲನ್ನಿಗೆ ಇದಕ್ಕಿಂತ ತುಟ್ಟಿಯಾದಾಗ ಹೀಟ್ ಪಂಪ್ ಗೆದ್ದ ಹಾಗೆ, ಅಗ್ಗವಾದಾಗ ಸೋತ ಹಾಗೆ. ಇಲ್ಲಿ ತಕ್ಕಡಿಯನ್ನು ವಾಲಿಸಿದ್ದು 2025ರ ನವೆಂಬರ್ 1ರಿಂದ ದೊಡ್ಡ ಕಂಪನಿಗಳಲ್ಲಿ ಸಿಗುತ್ತಿರುವ ಹೀಟ್ ಪಂಪ್ ದರ: ನವೆಂಬರ್‌ನಿಂದ ಏಪ್ರಿಲ್‌ವರೆಗೆ ಡೆಲಿವರಿ ಚಾರ್ಜ್ ಕಡಿಮೆ. ಯಂತ್ರ ಕೂರಿಸಿದ ಮೇಲೆ ಬಿಲ್ಲಿನಲ್ಲಿ ಆ ದರ ಬಂದಿದೆಯಾ ನೋಡಿ, ಇಲ್ಲದಿದ್ದರೆ ಫೋನ್ ಮಾಡಿ ಹಾಕಿಸಿಕೊಳ್ಳಿ. ನಿಮ್ಮದು ಗ್ಯಾಸ್ ಹೀಟಿಂಗ್ ಆಗಿದ್ದರೆ ನಾನು ಇಷ್ಟು ಧೈರ್ಯವಾಗಿ 'ಹಾಕಿಸಿ' ಅನ್ನುತ್ತಿರಲಿಲ್ಲ.

ಲೀಸಿನ ಇನ್ನೊಂದು ಮುಳ್ಳು ಮನೆ ಮಾರುವಾಗ ಚುಚ್ಚುತ್ತದೆ. ಯಂತ್ರ ತಮ್ಮದು ಅಂತ ಕಂಪನಿಗಳು ಆಸ್ತಿ ದಾಖಲೆಯಲ್ಲಿ ಯುಸಿಸಿ ಫೈಲಿಂಗ್, ಅಂದರೆ ಯಂತ್ರದ ಮೇಲೆ ತಮ್ಮ ಹಕ್ಕಿದೆ ಅನ್ನುವ ನೋಟಿಸ್, ಹಾಕಿಸಬಹುದು. ಮಾರುವಾಗ ಅಥವಾ ರೀಫೈನಾನ್ಸ್ ಮಾಡುವಾಗ ಅದು ಮೇಲೆ ಬರುತ್ತದೆ. ಕೊಳ್ಳುವವರು ಲೀಸನ್ನು ತಮ್ಮ ಹೆಸರಿಗೆ ಮಾಡಿಕೊಳ್ಳಬೇಕು, ಇಲ್ಲ ನೀವು ಉಳಿದ ಹಣ ಕಟ್ಟಿ ಬಿಡಿಸಿಕೊಳ್ಳಬೇಕು. ಎಚ್‌-1ಬಿ ಮೇಲಿದ್ದು ಐದು ವರ್ಷದಲ್ಲಿ ಯಾವ ರಾಜ್ಯದಲ್ಲಿರುತ್ತೇವೋ ಗೊತ್ತಿಲ್ಲದವರಿಗೆ 15 ವರ್ಷದ ಗಂಟು ಯಾಕೆ? ಕೆನಡಾದ ಒಂಟಾರಿಯೋದಲ್ಲಿ ಬಾಡಿಗೆ ವಾಟರ್ ಹೀಟರ್, ಫರ್ನೇಸ್‌ಗಳ ಹೆಸರಲ್ಲಿ ಮನೆ ಪತ್ರದ ಮೇಲೆ ಇಂಥ ನೋಟಿಸ್ ಹಾಕಿ ಜನರನ್ನು ಎಷ್ಟು ಗೋಳಾಡಿಸಿದರೆಂದರೆ, 2024ರಲ್ಲಿ ಅಲ್ಲಿನ ಸರ್ಕಾರ ಕಾನೂನು ತಂದು ಅದನ್ನು ನಿಷೇಧಿಸಬೇಕಾಯಿತು.

ಲೀಸ್ ವಾಸಿ ಅಂದೆನಲ್ಲ, ಅದು ಗ್ರೌಂಡ್ ಸೋರ್ಸ್, ಅಂದರೆ ನೆಲದಲ್ಲಿ ಬೋರ್ ಕೊರೆದು ಹಾಕುವ ಹೀಟ್ ಪಂಪ್. ಅದಕ್ಕೆ ಮನೆಯವರಿಗೆ ಸಿಗುತ್ತಿದ್ದ 30% ಫೆಡರಲ್ ಕ್ರೆಡಿಟ್ಟೂ 2025ರ ಕೊನೆಗೆ ನಿಂತಿತು. ಆದರೆ ಯಂತ್ರದ ಮಾಲೀಕ ಒಂದು ಕಂಪನಿಯಾದರೆ ಅದಕ್ಕೆ ಬಿಸಿನೆಸ್ ಕ್ರೆಡಿಟ್ ಇನ್ನೂ ಇದೆ. ಕೊರೆಯುವ ಖರ್ಚು ದೊಡ್ಡದು, ಆ ಕ್ರೆಡಿಟ್ಟೂ ದೊಡ್ಡದು. ಅದರ ಪಾಲು ಬಾಡಿಗೆಯಲ್ಲಿ ನಿಮಗೂ ಇಳಿದರೆ ಇಲ್ಲಿ ಲೀಸ್ ಗೆಲ್ಲಬಹುದು. ನಿಮಗೆ ಬಂದಿರುವ ಆಫರ್ ಏರ್ ಸೋರ್ಸ್‌ದು, ಆದ್ದರಿಂದ ಈ ವಾದ ಅದಕ್ಕೆ ಸಲ್ಲುವುದಿಲ್ಲ.

ಆಗಲೇ ಸಹಿ ಹಾಕಿಬಿಟ್ಟಿದ್ದೀರಾ ಅನ್ನೋದು ಪ್ರಶ್ನೆಯಲ್ಲಿ ಸ್ಪಷ್ಟವಿಲ್ಲ. ಮನೆಗೆ ಬಂದು ಮಾರಿದ ಕರಾರಾದರೆ ಎಫ್‌ಟಿಸಿ (ಗ್ರಾಹಕರ ಹಿತ ಕಾಯುವ ಫೆಡರಲ್ ಸಂಸ್ಥೆ) ನಿಯಮದ ಪ್ರಕಾರ ಮೂರು ಕೆಲಸದ ದಿನಗಳೊಳಗೆ ಕಾರಣ ಕೊಡದೆ ರದ್ದು ಮಾಡಬಹುದು. ಶನಿವಾರವೂ ಕೆಲಸದ ದಿನವೇ ಅಂತ ಎಣಿಸುತ್ತಾರೆ, ಭಾನುವಾರ ಮತ್ತು ಫೆಡರಲ್ ರಜೆ ಬಿಟ್ಟು. ಬರೆದ ನೋಟಿಸನ್ನೇ ಅಂಚೆಗೆ ಹಾಕಿ, ರಸೀದಿ ಇಟ್ಟುಕೊಳ್ಳಿ.

ಕೊನೆಯದಾಗಿ, ಹಳೆಯ ಆಯಿಲ್ ಟ್ಯಾಂಕ್ ತೆಗೆಸುವುದಾದರೆ ಮನೆ ಹೊರಗೆ ಕಾಣುವ ಫಿಲ್ ಪೈಪನ್ನೂ ಅದೇ ದಿನ ತೆಗೆಸಿ. ಪೈಪ್ ಉಳಿದು ಟ್ಯಾಂಕ್ ಇಲ್ಲದ ಮನೆಗೆ, ವಿಳಾಸ ತಪ್ಪಿ ಬಂದ ಲಾರಿಯವರು ಆಯಿಲ್ ಸುರಿದರೆ ಅದು ನೇರ ಬೇಸ್‌ಮೆಂಟ್ ನೆಲಕ್ಕೇ.