10 ಕಿಲೋ ಬೀಜ, ಎಂಟೂವರೆಗೂ ಕಮ್ಮಿ ಕಾಫಿ

ಕಲಬುರಗಿಯಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರು ಬೇಕರಿ ನಡೆಸುತ್ತಾರೆ. ಅವರ ತಮ್ಮ ಅದೇ ಅಂಗಡಿಯ ಹಿಂದೆ ಕಾಫಿ ಹುರಿಯುವ ಸಣ್ಣ ಮಷಿನ್ ಹಾಕಿದ್ದಾರೆ, ದುಡ್ಡು ಹೋಗಿದ್ದು ಬೇಕರಿ ಗಲ್ಲಾದಿಂದ. ಚಿಕ್ಕಮಗಳೂರಿನಿಂದ 10 ಕಿಲೋ ಬೀಜ ಬಂದರೆ ಪ್ಯಾಕೆಟ್ ಆಗುವುದು ಎಂಟೂವರೆ ಕಿಲೋನೂ ಇಲ್ಲ. "ಉಳಿದದ್ದು ಎಲ್ಲಿ ಹೋಯ್ತು" ಅಂತ ಕೇಳಿದ್ದಕ್ಕೆ ತಮ್ಮ ಮೂರು ವಾರದಿಂದ ಸರಿಯಾಗಿ ಮಾತಾಡುತ್ತಿಲ್ಲ. ಲೆಕ್ಕ ಬರೆಯೋಣ ಅಂದರೆ "ಮನೆಯವರ ನಡುವೆ ಎಂಥ ಲೆಕ್ಕ" ಅನ್ನುತ್ತಾರೆ. ಲೈಸೆನ್ಸು, ಬ್ಯಾಂಕ್ ಖಾತೆ ಎಲ್ಲ ತಮ್ಮನ ಹೆಸರಲ್ಲೇ ಇದೆ. ಬೇರೆ ಆಗಿಬಿಡಲೇ ಅಂತ ಕೇಳಿದ್ದಾರೆ.

ಅಕ್ಕಾ, ಮೊದಲು ಆ ಒಂದೂವರೆ ಕಿಲೋದ ಮಾತು. ಅದನ್ನು ಯಾರೂ ತೆಗೆದಿಲ್ಲ. ಹಸಿ ಕಾಫಿ ಬೀಜದಲ್ಲಿ ಶೇಕಡಾ 10ರಿಂದ 12ರಷ್ಟು ನೀರಿರುತ್ತದೆ. ಹುರಿಯುವಾಗ ಅದು ಹೆಚ್ಚುಕಮ್ಮಿ ಪೂರ್ತಿ ಆವಿಯಾಗುತ್ತದೆ, ಮೇಲಿನ ತೆಳು ಸಿಪ್ಪೆ ಹಾರಿಹೋಗುತ್ತದೆ, ಬೀಜ ಚಟಪಟ ಒಡೆದ ಮೇಲೆ ಇನ್ನಷ್ಟು ತೂಕ ಹೊಗೆಯಾಗಿ ಹೋಗುತ್ತದೆ. ಸಾಧಾರಣ ಹುರಿದರೆ ನೂರಕ್ಕೆ 15, ಕಪ್ಪಗೆ ಹುರಿದರೆ 18-20ರವರೆಗೂ ಇಳಿಯುತ್ತದೆ. ಇದು ನಿಮ್ಮ ಕೈಗೂ ಗೊತ್ತಿರುವ ವಿಷಯವೇ: 400 ಗ್ರಾಂ ಬ್ರೆಡ್ಡಿಗೆ ನೀವು ಹಿಟ್ಟು ಕತ್ತರಿಸುವಾಗ 450 ಗ್ರಾಂ ಹತ್ತಿರ ಇಡುತ್ತೀರಿ, ಅಲ್ವಾ? ಭಟ್ಟಿಯಲ್ಲಿ ಕಮ್ಮಿಯಾದ ಆ 50 ಗ್ರಾಂ ಯಾರು ತಿಂದರು ಅಂತ ನೀವು ಯಾವತ್ತೂ ಕೇಳಿಲ್ಲ.

ಹಾಗಂತ ಗಲ್ಲಾದಲ್ಲಿ ದುಡ್ಡು ಕಮ್ಮಿ ಬೀಳುತ್ತಿರುವುದು ಸುಳ್ಳಲ್ಲ. ಕೊಂಡ ರೇಟಿನ ಮೇಲೆ ಕಿಲೋಗೆ ನೂರು ರೂಪಾಯಿ ಇಟ್ಟು ತಮ್ಮ ಮಾರುತ್ತಾರೆ ಅಂತ ಬರೆದಿದ್ದೀರಿ. ಅಲ್ಲೇ ಇದೆ ತೂತು. ಹಸಿ ಬೀಜ ಕಿಲೋಗೆ 500 ಅಂತ ಇಟ್ಟುಕೊಳ್ಳಿ, 10 ಕಿಲೋಗೆ 5,000. ಕೈಗೆ ಬಂದದ್ದು 8.4 ಕಿಲೋ ಆದರೆ ಹುರಿದ ಬೀಜ ಕಿಲೋಗೆ 595 ಬಿದ್ದಂತಾಯಿತು. 600ಕ್ಕೆ ಮಾರಿದರೆ ಉಳಿಯುವುದು 5 ರೂಪಾಯಿ, ಗ್ಯಾಸು, ಕರೆಂಟು, ಪ್ಯಾಕೆಟ್ಟು ಎಲ್ಲ ಅದರಲ್ಲೇ ಬರಬೇಕು. ಆ ಕೊರತೆಯನ್ನು ದಿನಾ ಬೆಳಗಿನ ನಾಲ್ಕಕ್ಕೆ ಎದ್ದು ನೀವು ಮಾಡುವ ಬನ್ನು, ಖಾರಾ ಬಿಸ್ಕತ್ತು ತುಂಬಿಕೊಡುತ್ತಿವೆ. ತಮ್ಮನದು ಲೆಕ್ಕದ ತಪ್ಪು, ಮೋಸ ಅಲ್ಲ. ಇನ್ನೊಂದು, ಹುರಿದ ಬೀಜದ ಡಬ್ಬ ಭಟ್ಟಿಯ ಗೋಡೆಗೆ ಇಡಬೇಡಿ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಕಾಫಿಯ ಘಮ ಮೊದಲೇ ಬೇಗ ಹೋಗುತ್ತದೆ, ಭಟ್ಟಿಯ ಶಾಖವೂ ಸೇರಿದರೆ ಉಳಿಯುವುದೇ ಇಲ್ಲ.

ಈಗ "ಮನೆಯವರ ನಡುವೆ ಎಂಥ ಲೆಕ್ಕ" ಅನ್ನುವ ಮಾತು. ಇದನ್ನು ನಾನು ಒಪ್ಪುವುದಿಲ್ಲ. ನನ್ನ ಅಪ್ಪ, ಕಾಕಾ ಸೇರಿ ಕಿರಾಣಿ ಅಂಗಡಿ ಇಟ್ಟಿದ್ದರು, ಪುಸ್ತಕ ಇರಲಿಲ್ಲ. ಅಂಗಡಿ ಮುಚ್ಚಿದಾಗ ಯಾರು ಎಷ್ಟು ಹಾಕಿದ್ದರು ಅಂತ ಇಬ್ಬರಿಗೂ ಗೊತ್ತಿರಲಿಲ್ಲ, ಇಬ್ಬರೂ ತಾವೇ ಜಾಸ್ತಿ ಹಾಕಿದ್ದು ಅಂತ ಮನಸಾರೆ ನಂಬಿದ್ದರು.

ಬರೆದಿಡದಿದ್ದರೆ ಕಾನೂನು ಏನು ಹೇಳುತ್ತದೆ ಕೇಳಿ. 1932ರ ಪಾಲುದಾರಿಕೆ ಕಾಯ್ದೆಯ ಕಲಂ 13ರ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ-ನಷ್ಟ ಇಬ್ಬರಿಗೂ ಸಮ, ದುಡಿಮೆಗೆ ಸಂಬಳ ಕೇಳುವ ಹಕ್ಕು ಯಾರಿಗೂ ಇಲ್ಲ. ಅಂದರೆ ನಿಮ್ಮ ನಾಲ್ಕು ಗಂಟೆಯ ಬೆಳಗಿಗೆ ಬೆಲೆಯೇ ಇಲ್ಲ. ಅದೂ ನೀವು ಪಾಲುದಾರರು ಅಂತ ಆದರೆ. ಎಲ್ಲ ಕಾಗದ ತಮ್ಮನ ಹೆಸರಲ್ಲಿರುವಾಗ ಅದನ್ನು ತೋರಿಸುವುದೇ ಕಷ್ಟ. ಹಾಗಾಗಿ ಪಾಲುದಾರಿಕೆ ಪತ್ರ ಮಾಡಿಸಿ, ಅದರಲ್ಲಿ ಇಬ್ಬರ ತಿಂಗಳ ಸಂಬಳ, ಮಷಿನ್‌ಗೆ ಹೋದ ದುಡ್ಡು ಬೇಕರಿಗೆ ಹೇಗೆ ವಾಪಸ್ಸು ಬರಬೇಕು, ಬೇರೆ ಆಗುವುದಾದರೆ ಭಟ್ಟಿ ಯಾರಿಗೆ ಅನ್ನುವುದೂ ಇರಲಿ. ಪಾಲುದಾರಿಕೆ ಸಂಸ್ಥೆಯ ನೋಂದಣಿಯೂ ಮಾಡಿಸಿ. ಕಡ್ಡಾಯ ಅಲ್ಲ ನಿಜ, ಆದರೆ ಕಲಂ 69ರಂತೆ ನೋಂದಣಿ ಇಲ್ಲದಿದ್ದರೆ ಆ ಒಪ್ಪಂದದ ಹಕ್ಕಿಗಾಗಿ ಕೋರ್ಟಿಗೆ ಹೋಗಲು ಆಗುವುದಿಲ್ಲ. ತಮ್ಮ ಒಪ್ಪದಿದ್ದರೆ ಬೇರೆ ಆಗುವ ವಿಚಾರ ಆಗ ಮಾಡಿ, ಈಗಲೇ ಬೇಡ.

ಈ ಮಾತು ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಬೇಡ, ಮನೆಯಲ್ಲಿ ಊಟ ಆದ ಮೇಲೆ ಆಡಿ. ಕಾಗದದ ವಿಷಯ ತೆಗೆಯುವ ಮುಂಚೆ ಆ ಒಂದೂವರೆ ಕಿಲೋ ಬಗ್ಗೆ ತಪ್ಪು ತಿಳಿದಿದ್ದೆ ಅಂತ ಹೇಳಿಬಿಡಿ. ಮೂರು ವಾರದಿಂದ ಅವರು ಅದನ್ನೇ ಕಾಯುತ್ತಿರಬಹುದು.